ಅರ್ಧ ಗಂಟೆಯ ಪ್ರಬಂಧ

‘ಬಂಧ’ ಎಂದರೆ ಕಟ್ಟು. ಚೆನ್ನಾಗಿ ಕಟ್ಟಿದುದು ಪ್ರಬಂಧ. ಬಿಡಿ ಹೂಗಳು ಎಷ್ಟೇ ಸೊಗಸಾಗಿದ್ದರೂ ದಾರದಲ್ಲಿ ಕಟ್ಟಿದ ಹೊರತು ಮಾಲೆಯಾಗುವುದಿಲ್ಲ. ಹಾಗೆಯೇ ಬಿಡಿ ವಿಚಾರಗಳು ಎಷ್ಟೇ ಉತ್ತಮವಾಗಿದ್ದರೂ ಒಂದಕ್ಕೊಂದು ಹೊಂದಿಕೊಂಡ ಹೊರತು ಪ್ರಬಂಧವಾಗುವುದಿಲ್ಲ. ಪಶ್ಚಿಮ ದೇಶಗಳಲ್ಲಿ ಈ ಬಗೆಯ ಬರವಣಿಗೆಗೆ ಹೆಸರನ್ನು ಕೊಟ್ಟವನು ಫ್ರಾನ್ಸ್ ದೇಶದ ಮಾಂಟೇನ್ ಎಂಬ ಲೇಖಕ. ೧೫೮೦ರಲ್ಲಿ ತನ್ನ ಬರಹಗಳನ್ನು ಪ್ರಕಟಿಸಿದಾಗ ಅವನು ಅವುಗಳನ್ನು ‘ಎಸ್ಸೇ’ ಎಂದು ಕರೆದನು. ಆ ಶಬ್ದಕ್ಕೆ ಅವನ ಭಾಷೆಯಲ್ಲಿ ‘ಪ್ರಯತ್ನ’, ‘ಪರೀಕ್ಷಿಸಿ ನೋಡುವುದು’ ಎಂಬ ಅರ್ಥಗಳಿವೆ. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿ ನೋಡುವಂತೆ ಒಂದು ವಿಚಾರವನ್ನು ಒರೆಗೆ ಹಚ್ಚಿ ನೋಡುವುದೇ ಅವನ ಉದ್ದೇಶವಾಗಿತ್ತು. ನಮ್ಮ ಶಬ್ದವು ಕಟ್ಟುವುದನ್ನು ಹೇಳಿದರೆ, ಅವರ ಶಬ್ದವು ಒರೆಗೆ ಹಚ್ಚುವುದನ್ನು ಹೇಳುತ್ತದೆ. ಒಳ್ಳೆಯ ಪ್ರಬಂಧಕ್ಕೆ ಇವೆರಡೂ ಬೇಕು.

ಮನುಷ್ಯನ ಯೋಗ್ಯತೆಯನ್ನು ಅವನು ಬರೆದ ಪ್ರಬಂಧದಿಂದ ಅಳೆಯುವ ಪದ್ಧತಿ ಬಹು ಹಳೆಯದು. ಚೀನಾ ದೇಶದಲ್ಲಿ ಸರಕಾರದ ಅಧಿಕಾರಿಗಳನ್ನು ಲಿಖಿತ ಪರೀಕ್ಷೆಗಳ ಮೂಲಕ ಆರಿಸುವ ವ್ಯವಸ್ಥೆ ಸಾವಿರದ ಮುನ್ನೂರು ವರ್ಷಗಳ ಕಾಲ ನಡೆದು ಬಂದಿತು. ಹುಟ್ಟಿನ ಹಿರಿಮೆಯನ್ನೇ ನಂಬದೆ ವಿದ್ಯೆಯ ಹಿರಿಮೆಯನ್ನು ಮನ್ನಿಸಿದ ಆ ವ್ಯವಸ್ಥೆ ಅಂದಿನ ಲೋಕದಲ್ಲಿ ಅಪೂರ್ವವಾದುದೇ ಸರಿ. ಹೆಂಗಸರಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಕಾಲ ಕಳೆದಂತೆ ಆ ಪರೀಕ್ಷೆಯ ಪ್ರಬಂಧವು ಒಂದು ಗಟ್ಟಿಯಾದ ಅಚ್ಚಿಗೆ ಇಳಿಯಿತು. ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳಿಂದ ಆಯ್ದ ಒಂದು ಮಾತನ್ನು ಕೊಡುತ್ತಿದ್ದರು. ಅಭ್ಯರ್ಥಿಯು ಅದನ್ನು ಎಂಟು ಭಾಗಗಳಲ್ಲಿ, ಗೊತ್ತುಪಡಿಸಿದ ಕ್ರಮದಲ್ಲಿ, ಒಂದಕ್ಕೊಂದು ಸರಿಜೋಡಿಯಾದ ವಾಕ್ಯಗಳಲ್ಲಿ ವಿವರಿಸಬೇಕಾಗಿತ್ತು. ಇದಕ್ಕೆ ‘ಎಂಟು ಕಾಲಿನ ಪ್ರಬಂಧ’ ಎಂದೇ ಹೆಸರಾಯಿತು. ಯುವಕರು ಲೋಕವನ್ನು ನೋಡುವುದನ್ನು ಬಿಟ್ಟು ಹಿಂದೆ ಗೆದ್ದವರ ಪ್ರಬಂಧಗಳನ್ನು ಬಾಯಿಪಾಠ ಮಾಡತೊಡಗಿದರು. ಕಾಲುಗಳು ಎಂಟಿದ್ದರೂ ಪ್ರಬಂಧವು ನಿಂತಲ್ಲಿಯೇ ನಿಂತಿತು. ಕಡೆಗೆ ೧೯೦೫ರಲ್ಲಿ ಆ ಪರೀಕ್ಷಾಕ್ರಮವನ್ನೇ ಚೀನಾ ದೇಶವು ಕೈಬಿಟ್ಟಿತು.

ಪ್ರಬಂಧದ ಮೂಲಕ ಪರೀಕ್ಷಿಸುವ ಕ್ರಮವು ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ಉಳಿದಿದೆ. ನಮ್ಮ ದೇಶದ ಸಿವಿಲ್ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆಂದೇ ಒಂದು ಪ್ರಶ್ನಪತ್ರಿಕೆಯಿದೆ. ಅದನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಪದವಿಯನ್ನು ಮುಗಿಸಿ, ಅಮೆರಿಕ ಮುಂತಾದ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ಹೋಗಬಯಸುವವರು ಬರೆಯುವ ಪರೀಕ್ಷೆಗಳಲ್ಲಿ ‘ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್’ ಎಂಬುದು ಪ್ರಸಿದ್ಧವಾದುದು. ಸಂಕ್ಷೇಪವಾಗಿ ಅದನ್ನು ಜಿ.ಆರ್.ಇ. ಎನ್ನುವರು. ೧೯೪೭ರಲ್ಲಿ ಸ್ಥಾಪಿತವಾದ ‘ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್’ ಎಂಬ ಸಂಸ್ಥೆಯು ಇದನ್ನು ನಡೆಸುತ್ತದೆ. ಎಲ್ಲ ವಿಶ್ವವಿದ್ಯಾನಿಲಯಗಳೂ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿಲ್ಲವಾದರೂ, ಕರ್ನಾಟಕದಿಂದ ಹೊರನಾಡಿಗೆ ಓದಲು ಹೋಗುವ ಅನೇಕ ತರುಣ ತರುಣಿಯರು ಇದಕ್ಕೆ ಸಿದ್ಧರಾಗುತ್ತಾರೆ. ೨೦೦೨ರಿಂದ ಈ ಪರೀಕ್ಷೆಯಲ್ಲಿ ಪ್ರಬಂಧ ರಚನೆಯೂ ಒಂದು ಅಂಗವಾಗಿದೆ. ೨೦೨೩ಕ್ಕೆ ಮೊದಲು ಎರಡು ಬರಹಗಳನ್ನು ಬರೆಯಬೇಕಾಗಿತ್ತು. ಆ ವರ್ಷದ ಸೆಪ್ಟೆಂಬರಿನಿಂದ ಒಂದೇ ಪ್ರಬಂಧ. ಅದಕ್ಕೆ ಕೊಡುವ ಕಾಲ ಮೂವತ್ತು ನಿಮಿಷ. ಅಂಕಗಳು ಸೊನ್ನೆಯಿಂದ ಆರರವರೆಗೆ.

ಈ ಪರೀಕ್ಷೆಯಲ್ಲಿ ಒಂದು ವಿಶೇಷವಿದೆ. ಪರೀಕ್ಷೆಗೆ ಬರಬಹುದಾದ ವಿಷಯಗಳ ಪಟ್ಟಿಯನ್ನು ಸಂಸ್ಥೆಯೇ ಮುಂಚಿತವಾಗಿ ಪ್ರಕಟಿಸಿರುತ್ತದೆ. ಯಾರು ಬೇಕಾದರೂ ಅದನ್ನು ಓದಬಹುದು, ಅಭ್ಯಾಸ ಮಾಡಬಹುದು. ಅವುಗಳಲ್ಲಿ ಅನೇಕ ವಿಷಯಗಳು ಶಿಕ್ಷಣಕ್ಕೂ ಸಮಾಜಕ್ಕೂ ಸಂಬಂಧಿಸಿದವು. ದೇಶದ ಮಕ್ಕಳೆಲ್ಲರಿಗೂ ಒಂದೇ ಪಠ್ಯಕ್ರಮವಿರಬೇಕೆ? ವಿಶ್ವವಿದ್ಯಾನಿಲಯವು ವಿದ್ಯಾರ್ಥಿಯನ್ನು ಉದ್ಯೋಗಕ್ಕೆ ಅಣಿಗೊಳಿಸಬೇಕೆ, ಅಥವಾ ಅವನ ಅಭಿರುಚಿಗೆ ತಕ್ಕ ವಿದ್ಯೆಯನ್ನು ಕೊಡಬೇಕೆ? ಶುಲ್ಕ ತೆರಲಾರದವರಿಗೆ ಸರಕಾರವೇ ಉಚಿತವಾಗಿ ಉನ್ನತ ಶಿಕ್ಷಣ ಕೊಡಬೇಕೆ? ಒಂದು ದೇಶದ ಹಿರಿಮೆಯನ್ನು ಅದರ ನಾಯಕರ, ವಿಜ್ಞಾನಿಗಳ, ಕಲಾವಿದರ ಸಾಧನೆಯಿಂದ ಅಳೆಯಬೇಕೆ, ಸಾಮಾನ್ಯ ಜನರ ಕ್ಷೇಮದಿಂದ ಅಳೆಯಬೇಕೆ? ಇಂತಹ ಪ್ರಶ್ನೆಗಳನ್ನು ಅಲ್ಲಿ ಕಾಣಬಹುದು.

ಪ್ರಶ್ನೆಗಳನ್ನು ಮೊದಲೇ ತಿಳಿಸಿಬಿಟ್ಟರೆ ಅದು ಪರೀಕ್ಷೆ ಹೇಗಾದೀತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಅಭ್ಯರ್ಥಿಯ ನೆನಪಿನ ಶಕ್ತಿಯಲ್ಲ. ಹೌದು ಎಂದವನಿಗೂ ಆರು ಅಂಕ ಬರಬಹುದು, ಅಲ್ಲ ಎಂದವನಿಗೂ ಆರು ಅಂಕ ಬರಬಹುದು. ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುವೆ, ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಅದಕ್ಕೆ ಕಾರಣವೇನು—ಪರೀಕ್ಷಕರು ಕೇಳುವುದು ಇಷ್ಟನ್ನೇ. ಬೇರೆಯವರ ಬರಹವನ್ನು ಕಂಠಪಾಠ ಮಾಡಿ ಒಪ್ಪಿಸಿದವರನ್ನು ಕಂಡುಹಿಡಿಯಲು ಗಣಕಯಂತ್ರದ ನೆರವೂ ಅವರಿಗಿದೆ. ಹಾಗೆ ಸಿಕ್ಕಿಬಿದ್ದವರ ಅಂಕಗಳು ರದ್ದಾಗುವುದುಂಟು.

ಈಗ ಇಬ್ಬರು ಅಭ್ಯರ್ಥಿಗಳನ್ನು ಊಹಿಸಿಕೊಳ್ಳಬಹುದು. ‘ಸರಕಾರವು ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು ಕೊಡಬೇಕು’ ಎಂಬುದು ಇಬ್ಬರಿಗೂ ಬಂದ ವಿಷಯ. ಮೊದಲನೆಯವನು ವಿದ್ಯೆಯ ಮಹಿಮೆಯನ್ನು ಕೊಂಡಾಡುವ ಒಂದು ಸುಭಾಷಿತದಿಂದ ಆರಂಭಿಸುತ್ತಾನೆ. ವಿದ್ಯೆ ದೀಪವಿದ್ದಂತೆ, ಅಜ್ಞಾನ ಕತ್ತಲೆಯಿದ್ದಂತೆ ಎಂದು ಎರಡು ಪುಟ ತುಂಬಿಸುತ್ತಾನೆ. ‘ಆದುದರಿಂದ ಎಲ್ಲರೂ ವಿದ್ಯಾವಂತರಾಗೋಣ’ ಎಂದು ಮುಗಿಸುತ್ತಾನೆ. ಅವನು ಹೇಳಿದುದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲ. ಎರಡನೆಯವಳು ಐದು ನಿಮಿಷ ಸುಮ್ಮನೆ ಕುಳಿತು ಯೋಚಿಸುತ್ತಾಳೆ. ‘ಎಲ್ಲ ಮಕ್ಕಳು’ ಎಂದರೆ ಯಾರು? ಎಷ್ಟು ವಯಸ್ಸಿನವರೆಗೆ? ‘ಉಚಿತ’ ಎಂದರೆ ಶುಲ್ಕ ಮಾತ್ರವೆ, ಪುಸ್ತಕ, ಬಟ್ಟೆ, ಊಟವೂ ಸೇರುತ್ತದೆಯೆ? ಹಣ ಎಲ್ಲಿಂದ ಬರಬೇಕು? ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸದಿದ್ದರೆ ಏನು ಮಾಡಬೇಕು? ಇಷ್ಟು ಪ್ರಶ್ನೆಗಳು ಮನಸ್ಸಿನಲ್ಲಿ ಮೂಡಿದ ಮೇಲೆ ಅವಳು ಬರೆಯತೊಡಗುತ್ತಾಳೆ. ಮೊದಲನೆಯವನದು ಅಲಂಕಾರ, ಎರಡನೆಯವಳದು ಆಲೋಚನೆ.

ಅವಳ ಮನಸ್ಸಿನಲ್ಲಿ ಐದು ನಿಮಿಷಗಳಲ್ಲಿ ಮೂಡಿದ ಪ್ರಶ್ನೆಗಳು ಕೇವಲ ಪರೀಕ್ಷಾ ಮಂದಿರದ ಪ್ರಶ್ನೆಗಳಲ್ಲ. ಅವುಗಳಿಗೆ ಉತ್ತರ ಹುಡುಕಲು ನಮ್ಮ ದೇಶಕ್ಕೆ ಸುಮಾರು ನೂರು ವರ್ಷಗಳು ಬೇಕಾದುವು. ಆ ಕತೆಯನ್ನು ತಿಳಿದರೆ ಇಂತಹ ವಿಷಯಗಳ ತೂಕ ಎಷ್ಟೆಂಬುದು ಅರ್ಥವಾಗುತ್ತದೆ.

೧೯೧೧ರ ಜನಗಣತಿಯ ವೇಳೆಗೆ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಜನಸಾಮಾನ್ಯರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ಮಹಾತ್ಮ ಜ್ಯೋತಿರಾವ್ ಫುಲೆಯವರು ೧೮೮೨ರಲ್ಲಿಯೇ ಸರಕಾರದ ಶಿಕ್ಷಣ ಆಯೋಗದ ಮುಂದೆ ವಾದಿಸಿದ್ದರು. ಬರೋಡದ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ೧೮೯೩ರಲ್ಲಿ ಅಮ್ರೇಲಿ ಪ್ರಾಂತದಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗ ಮಾಡಿ ನೋಡಿ, ೧೯೦೬ರಲ್ಲಿ ಅದನ್ನು ತಮ್ಮ ರಾಜ್ಯಕ್ಕೆಲ್ಲ ವಿಸ್ತರಿಸಿದ್ದರು. ಆದರೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಭಾಗಗಳಲ್ಲಿ ಅಂತಹ ಶಾಸನ ಇರಲಿಲ್ಲ.

ಈ ಪ್ರಶ್ನೆಯನ್ನು ಕೇಂದ್ರ ಶಾಸನಸಭೆಗೆ ತಂದವರು ಗೋಪಾಲ ಕೃಷ್ಣ ಗೋಖಲೆಯವರು. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದವರು. ಅಂಕಿ ಅಂಶಗಳಿಲ್ಲದೆ ಮಾತನಾಡಬಾರದು ಎಂಬುದು ಅವರ ನಿಯಮ. ೧೯೧೦ರ ಮಾರ್ಚಿಯಲ್ಲಿ ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡತೊಡಗಬೇಕೆಂಬ ನಿರ್ಣಯವನ್ನು ಮಂಡಿಸಿದರು. ಮರುವರ್ಷ ಅದೇ ಉದ್ದೇಶದ ಮಸೂದೆಯನ್ನು ತಂದರು.

ಆ ಮಸೂದೆಯನ್ನು ವಿರೋಧಿಸಿದವರ ವಾದಗಳು ಹಲವು. ಸರಕಾರದ ಬಳಿ ಇಷ್ಟು ಹಣವಿಲ್ಲ ಎಂಬುದು ಒಂದು. ಜನರೇ ಇದಕ್ಕೆ ಸಿದ್ಧರಾಗಿಲ್ಲ, ಒತ್ತಾಯ ಮಾಡಿದರೆ ಅಸಮಾಧಾನ ಹುಟ್ಟುತ್ತದೆ ಎಂಬುದು ಇನ್ನೊಂದು. ಕೂಲಿಗಾರರ ಮಕ್ಕಳು ಓದು ಕಲಿತರೆ ಹೊಲದ ಕೆಲಸಕ್ಕೆ ಆಳುಗಳು ಸಿಗಲಾರರು ಎಂಬ ಭೀತಿಯೂ ಕೆಲವು ಭೂಮಾಲಿಕರಲ್ಲಿತ್ತು. ಗೋಖಲೆಯವರು ಈ ಆಕ್ಷೇಪಗಳನ್ನು ಕಡೆಗಣಿಸಲಿಲ್ಲ. ವಿರೋಧಿಗಳನ್ನು ಮೂರ್ಖರೆಂದು ಹಳಿಯಲೂ ಇಲ್ಲ. ಆಕ್ಷೇಪಗಳಲ್ಲಿ ಸತ್ಯವಿದ್ದ ಕಡೆ ಅದನ್ನು ಮನಗಂಡು, ಮಸೂದೆಯಲ್ಲಿಯೇ ಅವುಗಳಿಗೆ ಉತ್ತರವನ್ನು ಅಳವಡಿಸಿದರು. ದೇಶಕ್ಕೆಲ್ಲ ಒಮ್ಮೆಲೇ ಕಡ್ಡಾಯ ಮಾಡಬೇಕಾಗಿಲ್ಲ. ನಿಗದಿಯಾದ ಒಂದು ಪ್ರಮಾಣದ ಮಕ್ಕಳು ಆಗಲೇ ಶಾಲೆಗೆ ಬರುತ್ತಿರುವ ಕಡೆ, ಅಲ್ಲಿಯ ಸ್ಥಳೀಯ ಸಂಸ್ಥೆಯೇ ಒಪ್ಪಿ ಮುಂದೆ ಬಂದರೆ, ಸರಕಾರದ ಅನುಮತಿಯಿಂದ ಜಾರಿಗೆ ತರಬಹುದು. ಮೊದಲಿಗೆ ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಇದು ಅನ್ವಯಿಸಲಿ. ತೀರ ಬಡವರಿಂದ ಶುಲ್ಕ ಪಡೆಯಬಾರದು. ಕಾಯಿಲೆ, ಬೇಸಾಯದ ಸುಗ್ಗಿ ಮುಂತಾದ ಕಾರಣಗಳಿಗೆ ವಿನಾಯಿತಿ ಇರಲಿ. ಖರ್ಚಿನ ಹೆಚ್ಚಿನ ಪಾಲನ್ನು ಸರಕಾರ ಹೊರಲಿ, ಉಳಿದುದನ್ನು ಸ್ಥಳೀಯ ಸಂಸ್ಥೆ ಹೊರಲಿ. ಹೀಗೆ ಆಕ್ಷೇಪ ಒಂದೊಂದಕ್ಕೂ ಅವರಲ್ಲಿ ಒಂದೊಂದು ಉತ್ತರವಿತ್ತು. ಕಲ್ಪನೆಯ ಮಾತಲ್ಲ ಎಂದು ತೋರಿಸಲು ಇಂಗ್ಲೆಂಡಿನ ೧೮೭೦ರ ಶಿಕ್ಷಣ ಶಾಸನವೂ ಬರೋಡದ ಅನುಭವವೂ ಅವರ ಕಣ್ಣ ಮುಂದಿದ್ದುವು.

ಇಷ್ಟಾದರೂ ೧೯೧೨ರ ಮಾರ್ಚಿಯಲ್ಲಿ ಮಸೂದೆ ಸೋತಿತು. ಪರವಾಗಿ ಬಂದ ಮತಗಳು ೧೩, ವಿರುದ್ಧವಾಗಿ ೩೮. ಸರಕಾರದ ಕಡೆಯವರೇ ಹೆಚ್ಚಾಗಿದ್ದ ಸಭೆಯಲ್ಲಿ ಫಲಿತಾಂಶ ಇದಕ್ಕಿಂತ ಬೇರೆಯಾಗುವ ಸಂಭವವಿರಲಿಲ್ಲ. ಗೋಖಲೆಯವರಿಗೂ ಇದು ತಿಳಿಯದ ಸಂಗತಿಯಲ್ಲ. ತಮ್ಮ ಕಾಲದವರು ಸೋಲಿನ ಮೂಲಕವೇ ದೇಶಸೇವೆ ಮಾಡಬೇಕಾಗಿದೆ. ಮುಂದಿನವರು ಗೆಲುವಿನ ಮೂಲಕ ಮಾಡುವರು ಎಂಬ ಭಾವನೆಯನ್ನು ಅವರು ಸಭೆಯ ಮುಂದೆ ವ್ಯಕ್ತಪಡಿಸಿದರು. ಮೂರು ವರ್ಷಗಳ ತರುವಾಯ, ೧೯೧೫ರಲ್ಲಿ, ಅವರು ತೀರಿಕೊಂಡರು.

ಸೋತ ವಾದವು ಸಾಯಲಿಲ್ಲ. ೧೯೧೩ರಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಬಗ್ಗೆ ಶಾಸನ ಮಾಡಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೪೫ನೆಯ ವಿಧಿಯು, ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳೆಲ್ಲರಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಲು ಸರಕಾರವು ಪ್ರಯತ್ನಿಸಬೇಕು ಎಂದು ಹೇಳಿತು. ಆ ಹತ್ತು ವರ್ಷ ಕಳೆಯಿತು. ಇನ್ನೂ ಹಲವು ಹತ್ತು ವರ್ಷಗಳು ಕಳೆದುವು. ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನಾಲ್ಕರವರೆಗಿನ ಶಿಕ್ಷಣವು ಮಗುವಿನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ೨೦೦೨ರ ಎಂಬತ್ತಾರನೆಯ ತಿದ್ದುಪಡಿಯು ಅದನ್ನು ಸಂವಿಧಾನದಲ್ಲಿಯೇ ಬರೆಯಿತು. ೨೦೦೯ರಲ್ಲಿ ಸಂಸತ್ತು ಅಂಗೀಕರಿಸಿದ ಶಿಕ್ಷಣ ಹಕ್ಕು ಕಾಯಿದೆಯು ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಅದು ಸಲ್ಲುತ್ತದೆ. ಗೋಖಲೆಯವರು ೧೯೧೦ರ ಮಾರ್ಚಿಯಲ್ಲಿ ಎತ್ತಿದ ಪ್ರಶ್ನೆಗೆ ದೇಶವು ಪೂರ್ಣವಾದ ಉತ್ತರವನ್ನು ಬರೆದು ಮುಗಿಸಿದುದು ಸರಿಯಾಗಿ ನೂರು ವರ್ಷಗಳ ಮೇಲೆ.

ಪರೀಕ್ಷೆಗೆ ಪ್ರಬಂಧ ಬರೆಯುವವರು ಈ ಕತೆಯಿಂದ ಕಲಿಯಬೇಕಾದುದು ಬಹಳವಿದೆ. ಮೊದಲನೆಯದು, ವಿಷಯದಲ್ಲಿರುವ ಶಬ್ದಗಳ ಅರ್ಥವನ್ನು ಖಚಿತ ಮಾಡಿಕೊಳ್ಳುವುದು. ಗೋಖಲೆಯವರು ‘ಮಕ್ಕಳು’ ಎಂದು ಸುಮ್ಮನಾಗದೆ ಎಷ್ಟು ವಯಸ್ಸಿನವರು ಎಂದು ಹೇಳಿದರು. ‘ಸಹಾಯ’ ಎಂದು ಸುಮ್ಮನಾಗದೆ ಯಾರ ಪಾಲು ಎಷ್ಟು ಎಂದು ಹೇಳಿದರು. ಎರಡನೆಯದು, ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿ, ಆಮೇಲೆ ಉತ್ತರಿಸುವುದು. ಎದುರು ವಾದವನ್ನು ದುರ್ಬಲಗೊಳಿಸಿ ಗೆಲ್ಲುವುದು ಹುಲ್ಲಿನ ಬೊಂಬೆಯನ್ನು ಕೆಡವಿ ಜಟ್ಟಿಯೆನಿಸಿಕೊಂಡಂತೆ. ಮೂರನೆಯದು, ನಿಜವಾದ ನಿದರ್ಶನವನ್ನು ಕೊಡುವುದು. ತನ್ನ ಊರಿನಲ್ಲಿ ಕಂಡ ಒಂದು ಸತ್ಯ ಸಂಗತಿಯು, ಎಲ್ಲಿಯೋ ಓದಿದ ಹತ್ತು ದೊಡ್ಡ ಹೆಸರುಗಳಿಗಿಂತ ಮೇಲು. ನಾಲ್ಕನೆಯದು, ತನ್ನ ಅಭಿಪ್ರಾಯದ ಮಿತಿಯನ್ನು ಒಪ್ಪಿಕೊಳ್ಳುವುದು.

ಈ ನಾಲ್ಕನೆಯ ಮಾತು ಗೋಖಲೆಯವರಿಗೂ ಸಲ್ಲುತ್ತದೆ. ಅವರ ಮಸೂದೆಯು ಗಂಡುಮಕ್ಕಳಿಂದ ಆರಂಭಿಸಿತು. ಹೆಣ್ಣುಮಕ್ಕಳನ್ನು ಮುಂದಿನ ದಿನಕ್ಕೆ ಬಿಟ್ಟಿತು. ಅದೇ ಪುಣೆಯಲ್ಲಿ ೧೮೪೮ರಲ್ಲಿಯೇ ಸಾವಿತ್ರಿಬಾಯಿ ಫುಲೆಯವರೂ ಜ್ಯೋತಿರಾವ್ ಫುಲೆಯವರೂ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದು, ಊರವರ ನಿಂದೆಯನ್ನು ಸಹಿಸಿ ನಡೆಸಿದ್ದರು. ಅಂದಿನ ವಿರೋಧವನ್ನು ಕಡಿಮೆ ಮಾಡಲು ಗೋಖಲೆಯವರು ಹೀಗೆ ಮಾಡಿದರೆನ್ನಬಹುದು. ಆದರೂ ಮನೆಯಲ್ಲಿಯೇ ಉಳಿದ ಹುಡುಗಿಯ ಕಡೆಯಿಂದ ನೋಡಿದರೆ ಆ ಮಸೂದೆ ಅರ್ಧವೇ ಆಗಿತ್ತು. ಎಂತಹ ಒಳ್ಳೆಯ ವಾದದಲ್ಲಿಯೂ ಯಾರೋ ಒಬ್ಬರು ಹೊರಗೆ ನಿಂತಿರುತ್ತಾರೆ. ಹಾಗೆ ನಿಂತವರು ಯಾರು ಎಂದು ಕೇಳಿಕೊಳ್ಳುವುದೇ ಸಮಾಜದ ಬಗ್ಗೆ ಬರೆಯುವವರ ಮೊದಲ ಕರ್ತವ್ಯ.

ಅರ್ಧ ಗಂಟೆಯಲ್ಲಿ ಇಷ್ಟೆಲ್ಲ ಸಾಧ್ಯವೆ ಎಂದರೆ, ಅಭ್ಯಾಸವಿದ್ದವರಿಗೆ ಸಾಧ್ಯ. ಐದು ನಿಮಿಷ ಆಲೋಚನೆಗೆ, ಇಪ್ಪತ್ತು ನಿಮಿಷ ಬರವಣಿಗೆಗೆ, ಉಳಿದ ಐದು ನಿಮಿಷ ಬರೆದುದನ್ನು ಓದಿ ತಿದ್ದುವುದಕ್ಕೆ ಎಂದು ಕಾಲವನ್ನು ಹಂಚಿಕೊಳ್ಳಬಹುದು. ಆದರೆ ನಿಜವಾದ ಸಿದ್ಧತೆ ನಡೆಯುವುದು ಪರೀಕ್ಷಾ ಮಂದಿರದ ಹೊರಗೆ. ವೃತ್ತಪತ್ರಿಕೆಯನ್ನು ಓದುವಾಗ, ಮನೆಯಲ್ಲಿ ಹಿರಿಯರು ಮಾತನಾಡುವಾಗ, ತರಗತಿಯಲ್ಲಿ ಜೊತೆಗೆ ಕುಳಿತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದಾಗ, ಏಕೆ ಹೀಗೆ ಎಂದು ಕೇಳುವವರು ಪ್ರಬಂಧಕ್ಕೆ ಆಗಲೇ ಸಿದ್ಧರಾಗುತ್ತಿರುತ್ತಾರೆ. ಹಾಗೆ ಕೇಳದವರ ಕೈಗೆ ಸಾವಿರ ಮಾದರಿ ಪ್ರಬಂಧಗಳನ್ನು ಕೊಟ್ಟರೂ, ಕೊನೆಗೆ ಅವರು ಬರೆಯುವುದು ಎಂಟು ಕಾಲಿನ ಪ್ರಬಂಧವನ್ನೇ.

ಪರೀಕ್ಷೆಯ ಅರ್ಧ ಗಂಟೆ ಮುಗಿದ ಕೂಡಲೇ ಅಭ್ಯರ್ಥಿಯ ಬರವಣಿಗೆ ನಿಲ್ಲುತ್ತದೆ. ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ. ಅದು ಅವರೊಡನೆಯೇ ಮಂದಿರದಿಂದ ಹೊರಗೆ ಬರುತ್ತದೆ. ಇಂದು ಹಾಳೆಯ ಮೇಲೆ ಉತ್ತರ ಬರೆದವರೇ ನಾಳೆ ಮತದಾರರಾಗಿ, ತಂದೆತಾಯಿಗಳಾಗಿ, ಶಿಕ್ಷಕರಾಗಿ, ಅಧಿಕಾರಿಗಳಾಗಿ ಅದೇ ಪ್ರಶ್ನೆಗೆ ನಡೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಆಗ ಅಂಕ ಕೊಡಲು ಪರೀಕ್ಷಕರು ಇರುವುದಿಲ್ಲ. ಆ ಉತ್ತರ ಸರಿಯೋ ತಪ್ಪೋ ಎಂಬುದು ಶಾಲೆಯ ಬಾಗಿಲಲ್ಲಿ ನಿಂತ ಮಗುವಿನ ಬಾಳಿನಲ್ಲಿ ಕಾಣಿಸಿಕೊಳ್ಳುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.

೧. ‘ಪ್ರಬಂಧ’ ಎಂಬ ಶಬ್ದದ ಅರ್ಥವೇನು?

೨. ಚೀನಾ ದೇಶವು ತನ್ನ ಹಳೆಯ ಪರೀಕ್ಷಾಕ್ರಮವನ್ನು ಯಾವಾಗ ಕೈಬಿಟ್ಟಿತು?

೩. ಗೋಖಲೆಯವರ ಮಸೂದೆಯ ಪರವಾಗಿ ಎಷ್ಟು ಮತಗಳು ಬಂದುವು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.

೧. ಪ್ರಬಂಧದ ವಿಷಯಗಳನ್ನು ಮೊದಲೇ ಪ್ರಕಟಿಸಿದರೂ ಪರೀಕ್ಷೆಯ ಉದ್ದೇಶ ಕೆಡುವುದಿಲ್ಲ, ಏಕೆ?

೨. ಗೋಖಲೆಯವರು ವಿರೋಧಿಗಳ ಆಕ್ಷೇಪಗಳಿಗೆ ಮಸೂದೆಯಲ್ಲಿಯೇ ಹೇಗೆ ಉತ್ತರ ಕೊಟ್ಟರು?

೩. ‘ಎಂತಹ ಒಳ್ಳೆಯ ವಾದದಲ್ಲಿಯೂ ಯಾರೋ ಒಬ್ಬರು ಹೊರಗೆ ನಿಂತಿರುತ್ತಾರೆ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.

ಇ) ಕೆಳಗಿನ ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು, ಅರ್ಧ ಗಂಟೆಯಲ್ಲಿ ಪ್ರಬಂಧ ಬರೆಯಿರಿ. ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ವಾದವನ್ನಾದರೂ ಹೇಳಿ ಅದಕ್ಕೆ ಉತ್ತರ ಕೊಡಿರಿ.

೧. ಹಳ್ಳಿಯ ಶಾಲೆಗೂ ಪಟ್ಟಣದ ಶಾಲೆಗೂ ಒಂದೇ ಪಠ್ಯಪುಸ್ತಕವಿರಬೇಕು.

೨. ಶಾಲೆಯಲ್ಲಿ ಕೈಕೆಲಸವೊಂದನ್ನು ಎಲ್ಲರೂ ಕಲಿಯಬೇಕು.

೩. ಪರೀಕ್ಷೆಯ ಅಂಕಗಳಿಂದ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯಬಹುದು.